‘ಹಾಲು ಸಾಲಲ್ವೇನೋ?’

ಎರಡು ತಿಂಗಳ ಹಿಂದಿನ ಮಾತು. ಭಾನುವಾರ ಮಧ್ಯಾಹ್ನ ತುಮಕೂರಿನಿಂದ ದೊಡ್ಡಮ್ಮನ ವಿಡಿಯೋ ಕಾಲ್ ಬಂತು. ಆಗ ನಾನು ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಬಾಟ್ಲಿ ಹಿಡಿದಿದ್ದೆ. ಅವಳು ನಿಪ್ಪಲ್ಲನ್ನು ನಾಲಿಗೆಯಿಂದ ತಳ್ಳಿ ತಳ್ಳಿ ಅಳುತ್ತಿದ್ದಳು. ದೊಡ್ಡಮ್ಮ ಕನ್ನಡಕ ಸರಿ ಮಾಡಿಕೊಂಡು ನೋಡಿದರು. ‘ಬಾಟ್ಲಿನಾ? ಯಾಕೋ, ಅವಳಿಗೆ ಹಾಲು ಸಾಲಲ್ವೇನೋ?’

ಪಕ್ಕದ ಕೋಣೆಯಲ್ಲಿ ಹೆಂಡತಿ ಎದೆಹಾಲು ತೆಗೆಯುವ ಪಂಪ್ ಹಾಕಿಕೊಂಡು ಕೂತಿದ್ದಳು. ಪಂಪಿನ ಸದ್ದು ನಿಂತಿತು. ಸಂಜೆಯವರೆಗೆ ಅವಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಬಾಟ್ಲಿಯಲ್ಲಿದ್ದದ್ದು ಅವಳದೇ ಹಾಲು ಎಂದು ಹೇಳಿದೆ. ‘ಹಂಗಾದ್ರೆ ಹಿಂಡಿ ಕೊಡೋ ಕರ್ಮ ಏನು? ಒಳಲೆ ಇಲ್ವಾ ಮನೇಲಿ?’ ಎಂದರು. ಒಳಲೆ ಅಂದರೆ ಕೂಸಿಗೆ ಹಾಲು ಕುಡಿಸುವ, ಮೂತಿ ಇರುವ ಪುಟ್ಟ ಬಟ್ಟಲು. ಯಾವ ಕಾಲದಲ್ಲಿದ್ದೀರಾ ದೊಡ್ಡಮ್ಮ ಎಂದು ಫೋನ್ ಇಟ್ಟೆ.

ನಾವಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಇಲ್ಲಿ ಹೆರಿಗೆ ರಜೆ 16 ವಾರ. ಅದರಲ್ಲಿ ಕನಿಷ್ಠ 4 ವಾರ ಹೆರಿಗೆಗೆ ಮುಂಚೆಯೇ ಖರ್ಚಾಗುತ್ತದೆ. ಮಗುವಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಅಮ್ಮ ಆಫೀಸಿಗೆ, ಮಗು ಕ್ರೆಶ್‌ಗೆ. ಬಾಣಂತನಕ್ಕೆ ಬಂದ ಅತ್ತೆಯವರಿಗೆ ವೀಸಾ 90 ದಿನದ್ದು. ಮಗುವಿಗೆ ಒಂಬತ್ತು ವಾರ ಆಗುವಾಗ ಅವರು ವಿಮಾನ ಹತ್ತಿದರು. ಅವರಿರುವಷ್ಟು ದಿನ ಬಾಟ್ಲಿ ಹೊರಗೆ ತೆಗೆಯುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಡಬ್ಬ ಕಪಾಟಿನಲ್ಲೇ ಕೂತಿತ್ತು.

ಧೈರ್ಯ ಮಾಡಬೇಕಿತ್ತು. ಯಾಕೆಂದರೆ ಮೊದಲ ವಾರವೇ ನಮಗೆ ಹೇಳಿದ್ದರು. ಇಲ್ಲಿ ಹೆರಿಗೆಯಾದ ಮೇಲೆ ಎಂಟು-ಹತ್ತು ದಿನ ಬಾಣಂತಿಯನ್ನು ನೋಡಿಕೊಳ್ಳಲು ಒಬ್ಬರು ಮನೆಗೇ ಬರುತ್ತಾರೆ. ಕ್ರಾಮ್‌ಜೋರ್ಖ್ ಅನ್ನುತ್ತಾರೆ. ಡಚ್ಚರ ಬಾಣಂತನ ಅನ್ನಿ, ಎಣ್ಣೆ ನೀರು, ಸಾಂಬ್ರಾಣಿ ಇಲ್ಲ ಅಷ್ಟೇ. ನಮ್ಮ ಮನೆಗೆ ಬಂದಾಕೆ ಹೋಗುವ ದಿನ, ಎದೆಹಾಲು ಚೆನ್ನಾಗಿ ರೂಢಿಯಾದ ಮೇಲೆ, ನಾಲ್ಕರಿಂದ ಆರು ವಾರದೊಳಗೆ ಬಾಟ್ಲಿ ಅಭ್ಯಾಸ ಶುರು ಮಾಡಿ ಎಂದರು. ಹೇಳಿದ್ದು ನನ್ನ ಹೆಂಡತಿಗಲ್ಲ, ನನಗೆ. ‘ಇದು ಅಪ್ಪನ ಕೆಲಸ’ ಎಂದು ನನ್ನ ಮುಖ ನೋಡಿ ಹೇಳಿದರು. ಅತ್ತೆ ಅಡುಗೆಮನೆಯಿಂದ ಇಣುಕಿದರು. ಅವರಿಗೆ ಡಚ್ ಬರದಿದ್ದರೂ ಏನೋ ಎಡವಟ್ಟಾಗುತ್ತಿದೆ ಎಂದು ಗೊತ್ತಾಗಿತ್ತು.

ನನಗೆ ಇವತ್ತಿಗೂ ಖುಷಿ ಕೊಡುವ ಮಾತು ಅದು. ನಮ್ಮಲ್ಲಿ ಮಗುವಿನ ಹಾಲಿನ ಬಗ್ಗೆ ಮಾತಾಡಲು ಇಡೀ ಓಣಿಗೆ ಹಕ್ಕಿದೆ. ಮಗುವಿನ ಅಪ್ಪನಿಗೆ ಮಾತ್ರ ಇಲ್ಲ. ನನ್ನ ತಂಗಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಮನೆಯಿಂದಲೇ ಮೀಟಿಂಗ್ ನಡೆಸುವಾಗ ಮಗು ಅತ್ತರೆ ಅವಳ ಗಂಡ ಮಗುವನ್ನು ಎತ್ತಿಕೊಂಡು ಬಂದು ಅವಳ ಮಡಿಲಿಗೆ ಹಾಕಿ ಹೋಗುತ್ತಿದ್ದರು. ಒಳ್ಳೆಯ ಮನುಷ್ಯ, ಸುಮ್ನೆ ಹೇಳಬಾರದು. ಆದರೆ ಫ್ರಿಜ್ಜಿನಲ್ಲಿ ಹಾಲು ತೆಗೆದಿಟ್ಟಿದ್ದರೂ ತಾನೇ ಕುಡಿಸಬಹುದು ಎಂದು ಅವರಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಅವರಮ್ಮ ಬಿಡುತ್ತಿದ್ದರಾ?

ಇನ್ನು ನನ್ನ ಪಾಡು. ಬಾಟ್ಲಿ ಬಾಯಿಗಿಟ್ಟರೆ ಮಗು ಕುಡಿಯುತ್ತೆ ಎಂದುಕೊಂಡಿದ್ದೆ. ಕುಡಿಯಲ್ಲ. ಎದೆಯಲ್ಲಿ ಹಾಲು ಇಳಿಯಲು ಒಂದೆರಡು ನಿಮಿಷ ಚೀಪಬೇಕು. ಬಾಟ್ಲಿಯಲ್ಲಿ ಹಾಲು ತಕ್ಷಣ ಬಾಯಿಗೆ ಸುರಿಯುತ್ತದೆ, ಮಗು ಗಾಬರಿಯಾಗುತ್ತದೆ. ಅದಕ್ಕೇ ನಿಧಾನ ಹರಿಯುವ ನಿಪ್ಪಲ್ ತಂದೆವು. ಮಲಗಿಸಿ ಕುಡಿಸಬಾರದು. ನೆಟ್ಟಗೆ ಕೂರಿಸಿಕೊಂಡು, ಬಾಟ್ಲಿಯನ್ನು ಅಡ್ಡಕ್ಕೆ ಹಿಡಿಯಬೇಕು. ತುರುಕಬಾರದು. ತುಟಿಗೆ ಮುಟ್ಟಿಸಿ, ತಾನಾಗಿ ಬಾಯಿ ತೆರೆಯುವವರೆಗೆ ಕಾಯಬೇಕು. ನಾಲ್ಕು ಗುಟುಕಿಗೊಮ್ಮೆ ಬಿಡುವು ಕೊಡಬೇಕು. ಹಸಿದು ಕಿರುಚುವಾಗ ಹೊಸದನ್ನು ಕಲಿಸಲು ಹೋದರೆ ಯಾರು ಕಲೀತಾರೆ? ಅದೂ ಅಮ್ಮ ಎದುರಿಗಿದ್ದರೆ ಮುಗೀತು, ವಾಸನೆಗೇ ತಿರುಗಿ ನೋಡುತ್ತಾಳೆ. ಹಾಗಾಗಿ ದಿನಾ ಸಂಜೆ ಹೆಂಡತಿ ಕೋಟು ಹಾಕಿಕೊಂಡು ಕಾಲುವೆ ದಂಡೆಗೆ ವಾಕಿಂಗ್ ಹೋಗುತ್ತಿದ್ದಳು. ಮಳೆ ಇದ್ದರೂ.

ಒಂದು ವಾರ ಏನೂ ಆಗಲಿಲ್ಲ. ಒಂದು ಸಂಜೆ ಹೆಂಡತಿ ಫ್ರಿಜ್ಜಿನ ಹಾಲನ್ನು ತಾನೇ ಚೂರು ರುಚಿ ನೋಡಿದಳು. ಸೋಪಿನ ರುಚಿ! ಕೆಲವರ ಹಾಲಿನಲ್ಲಿ ಕೊಬ್ಬು ಒಡೆಯುವ ಕಿಣ್ವದಿಂದಾಗಿ ಇಟ್ಟ ಹಾಲಿನ ರುಚಿ ಕೆಡುತ್ತದಂತೆ. ಹಾಲು ಕೆಟ್ಟಿರುವುದಿಲ್ಲ, ರುಚಿ ಮಾತ್ರ. ಹಿಂಡಿದ ಕೂಡಲೇ ಅಂಚಿನಲ್ಲಿ ಗುಳ್ಳೆ ಬರುವಷ್ಟು ಬಿಸಿ ಮಾಡಿ, ಬೇಗ ತಣಿಸಿ ಫ್ರಿಜ್ಜಿಗಿಟ್ಟರೆ ಸರಿಹೋಗುತ್ತದೆ. ಪಾಪ, ಇಷ್ಟು ದಿನ ಮಗಳಿಗೆ ನಾನು ಸೋಪು ಹಾಲು ಕೊಟ್ಟು ಹಟಮಾರಿ ಎಂದು ಬೈಯುತ್ತಿದ್ದೆ.

ಆಮೇಲೆ ಮಗಳು ಹತ್ತು, ಇಪ್ಪತ್ತು ಎಂಎಲ್ ಕುಡಿಯತೊಡಗಿದಳು. ಪೂರ್ತಿ ಬಾಟ್ಲಿ ಕುಡಿದದ್ದು ಕ್ರೆಶ್‌ನ ಮೂರನೇ ದಿನ, ಅಲ್ಲಿಯ ಹುಡುಗಿಯ ಕೈಯಲ್ಲಿ. ಇಲ್ಲಿ ಒಂದು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಲೇಬೇಕು. ಅವಳಿಗೆ ಪುರುಸೊತ್ತಿತ್ತು. ಫೋಟೋ ಕಳಿಸಿದಳು. ಖುಷಿಯಾಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು.

ಹೆಂಡತಿ ಆಫೀಸಿನಲ್ಲಿ ಪಂಪ್ ಮಾಡುತ್ತಾಳೆ. ಮಗುವಿಗೆ ಒಂಬತ್ತು ತಿಂಗಳಾಗುವವರೆಗೆ ಕೆಲಸದ ಹೊತ್ತಿನ ಕಾಲು ಭಾಗದಷ್ಟು ಸಮಯವನ್ನು ಸಂಬಳ ಸಮೇತ ಇದಕ್ಕೆ ತೆಗೆದುಕೊಳ್ಳಬಹುದು, ಕಾನೂನೇ ಇದೆ. ಅಲ್ಲಿ ಯಾರೂ ‘ಹಾಲು ಸಾಲಲ್ವಾ’ ಎಂದು ಕೇಳುವುದಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ತಂಗಿ ಫೋನಿನಲ್ಲಿ ಒಂದು ಮಾತು ಹೇಳಿದಳು. ‘ಅಣ್ಣ, ನನಗೆ 26 ವಾರ ರಜೆ ಸಿಕ್ತು. ರಾಗಿ ಸರಿ ಶುರು ಮಾಡೋ ಹೊತ್ತಿಗೆ ಕೆಲಸಕ್ಕೆ ಹೋದೆ. ಮೂರು ತಿಂಗಳ ಕೂಸಿಗೆ ಬಾಟ್ಲಿ ಕಲಿಸೋ ಅವಸರ ನಿಮ್ಮ ಡಚ್ಚರದ್ದು, ನಮ್ಮದಲ್ಲ.’ ಅದು ನಮ್ಮ ದೇಶದ ಹೆರಿಗೆ ರಜೆ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಬಂದ ರಜೆ. ನನ್ನ ಬಾಯಿ ಕಟ್ಟಿತು. ಆದರೆ ತಂಗಿಗೂ ಒಂದು ಕೇಳಬಹುದಿತ್ತು. ನಮ್ಮಮ್ಮನ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದ ಅಕ್ಕ ಎರಡೇ ತಿಂಗಳಿಗೆ ಕೂಸನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ವಾಪಸ್ ಬಂದಿದ್ದರು. ಆ ಕೂಸು ಹಗಲೆಲ್ಲ ಏನು ಕುಡಿಯುತ್ತಿತ್ತು ಎಂದು ನಮ್ಮನೇಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ದೊಡ್ಡಮ್ಮನ ಬಾಟ್ಲಿ ದ್ವೇಷವೂ ಪೂರ್ತಿ ಹಳೇ ತಲೆಯದ್ದಲ್ಲ, ಬಿಡಿ. ಸರಿಯಾಗಿ ತೊಳೆದು ಕುದಿಸದ ಬಾಟ್ಲಿಯಿಂದ ಮಕ್ಕಳಿಗೆ ಭೇದಿ ಹತ್ತುವುದನ್ನು ಅವರು ಕಣ್ಣಾರೆ ಕಂಡವರು. ನಮ್ಮ ದೇಶದಲ್ಲಿ ಹಾಲಿನ ಪುಡಿ, ಬಾಟ್ಲಿಗಳ ಜಾಹೀರಾತನ್ನೇ 1992ರ ಕಾಯ್ದೆ ನಿಷೇಧಿಸಿದ್ದು ಸುಮ್ನೆ ಅಲ್ಲ. ನಿಪ್ಪಲ್ಲಿನ ಸಂದಿ, ಮುಚ್ಚಳದ ಸುರುಳಿ, ಉಂಗುರ ಎಲ್ಲ ಬಿಚ್ಚಿ ರಾತ್ರಿ ಹತ್ತಕ್ಕೆ ತೊಳೆಯುವಾಗ ನನಗೂ ಅರ್ಥವಾಗುತ್ತದೆ.

ಇನ್ನೊಂದು ವಿಷಯ. ಕ್ರೆಶ್ ಶುರುವಾಗುವ ಹಿಂದಿನ ವಾರ ಹೆಂಡತಿ ಹಲ್ಲು ನೋವಿಗೆ ಡಾಕ್ಟರ ಹತ್ತಿರ ಹೋಗಿದ್ದಳು, ಬರುವುದು ತಡವಾಯಿತು. ಮಗಳು ಬಾಟ್ಲಿ ಮುಟ್ಟಲಿಲ್ಲ, ಅಳು ನಿಲ್ಲಲಿಲ್ಲ. ಅತ್ತೆ ಬಿಟ್ಟು ಹೋದ ಲೇಹ್ಯದ ಡಬ್ಬದ ಹಿಂದೆ ಬೆಳ್ಳಿ ಒಳಲೆ ಇತ್ತು. ಕುದಿಸಿ, ಮಗಳನ್ನು ನೆಟ್ಟಗೆ ಕೂರಿಸಿಕೊಂಡು, ಮೂತಿಯನ್ನು ತುಟಿಗೆ ತಾಗಿಸಿದೆ. ಒಂದೊಂದೇ ಗುಟುಕು. ಅರ್ಧ ನನ್ನ ಅಂಗಿಗೆ ಹೋಯಿತು, ಅರ್ಧ ಹೊಟ್ಟೆಗೆ ಹೋಯಿತು, ಮಗಳು ನಿದ್ದೆ ಹೋದಳು. ತೊಳೆಯಲು ಅರ್ಧ ನಿಮಿಷ ಸಾಕಾಯಿತು.

ಈಗಲೂ ಅದು ಬಾಟ್ಲಿಗಳ ಪಕ್ಕದಲ್ಲೇ ಒಣಗುತ್ತಿರುತ್ತದೆ. ದೊಡ್ಡಮ್ಮ ವಿಡಿಯೋ ಕಾಲ್ ಮಾಡಿದಾಗ ಅಡುಗೆಮನೆ ಕಡೆ ಫೋನ್ ತಿರುಗದ ಹಾಗೆ ನೋಡಿಕೊಳ್ಳುತ್ತೇನೆ.