ಪಾರ್ಟ್ನರ್ ಇದಾರಾ ಅಂತ ಕೇಳೋ ಮುಂಚೆ

ಯಾವ ಬ್ರಿಡ್ಜ್ ಕ್ಲಬ್ಬಿನ ನ್ಯೂಸ್‌ಲೆಟರ್ ಬೇಕಾದ್ರೂ ತೆಗೆದು ನೋಡಿ, ಮೊದಲ ಪುಟದಲ್ಲಿ ಗೆದ್ದೋರ ಫೋಟೊ, ಕೆಳಗಡೆ ಅವರ ಪರ್ಸೆಂಟೇಜು, ಅದೂ ದಶಾಂಶ ಎರಡು ಸ್ಥಾನದವರೆಗೆ, ಆಮೇಲೆ ಯಾರೋ ಹೊಡೆದ ಸ್ಲ್ಯಾಮಿನ (ಹೆಚ್ಚುಕಡಿಮೆ ಪೂರ್ತಿ ಗೆಲ್ಲೋ ದೊಡ್ಡ ಆಟ) ಕಥೆ ಅರ್ಧ ಪುಟ, ಕೊನೇಲಿ ಮುಂದಿನ ಟೂರ್ನಮೆಂಟಿನ ತಾರೀಖು. ಇರ್ಲಿ, ಬೇಡ ಅನ್ನಲ್ಲ, ನಾನೂ ಮೊದ್ಲು ಹುಡುಕೋದು ನನ್ನ ಹೆಸರನ್ನೇ. ಆದ್ರೆ ಒಂದು ಸುದ್ದಿ ಮಾತ್ರ ಯಾವತ್ತೂ ಬರಲ್ಲ. ಈ ತಿಂಗಳು ಪಾರ್ಟ್ನರ್ ಇಲ್ದೆ ಒಬ್ಬೊಬ್ಬರೇ ಬಂದೋರು ಎಷ್ಟು ಜನ, ಅದರಲ್ಲಿ ಎಷ್ಟು ಜನಕ್ಕೆ ಆಟ ಸಿಕ್ತು, ಎಷ್ಟು ಜನ ಹಂಗೇ ವಾಪಸ್ ಹೋದ್ರು. ಕ್ಲಬ್ಬು ಇನ್ನೂ ಎಷ್ಟು ವರ್ಷ ನಡೆಯುತ್ತೆ ಅಂತ ಹೇಳೋ ಲೆಕ್ಕ ಇದೊಂದೇ ಅಂತ ನನ್ನ ಅಭಿಪ್ರಾಯ, ಮತ್ತೆ ಈ ಲೆಕ್ಕ ಇಡೋರು ಯಾರೂ ಇಲ್ಲ.

ಆಡದೇ ಇರೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಬ್ರಿಡ್ಜು ನಾಲ್ಕು ಜನರ ಕಾರ್ಡ್ಸ್ ಆಟ, ಎದುರುಬದುರು ಕೂತೋರು ಒಂದು ಜೋಡಿ, ನಾರ್ತ್-ಸೌತ್ ಒಂದು ಕಡೆ ಈಸ್ಟ್-ವೆಸ್ಟ್ ಇನ್ನೊಂದು ಕಡೆ, 52 ಎಲೆ, ತಲಾ 13. ನಾಲ್ವರೂ ಒಂದೊಂದು ಎಲೆ ಹಾಕಿದ್ರೆ ಒಂದು ಟ್ರಿಕ್, ಎಷ್ಟು ಟ್ರಿಕ್ ಗೆಲ್ತೀವಿ ಅಂತ ಮೊದ್ಲೇ ಕರೆಯೋದು ಕಾಂಟ್ರ್ಯಾಕ್ಟ್. ಚೆಸ್ ಕ್ಲಬ್ಬಿಗೆ ನೀವು ಒಬ್ರೇ ಹೋಗ್ಬಹುದು, ಯಾರೋ ಒಬ್ರು ಎದುರಿಗೆ ಕೂರ್ತಾರೆ, ಆಯ್ತು. ಇಲ್ಲಿ ಹಂಗಲ್ಲ, ನಿಮ್ಮ ಜೊತೆ ಇನ್ನೊಬ್ರು ಇಲ್ಲ ಅಂದ್ರೆ ಕುರ್ಚಿ ಎಳೆಯೋ ಹಾಗೇ ಇಲ್ಲ. ಹಂಗಾಗಿ ಬಾಗಿಲಲ್ಲಿ ಮೊದಲನೇ ಪ್ರಶ್ನೇನೇ "ಪಾರ್ಟ್ನರ್ ಇದಾರಾ?"

ಯಾರು ಒಬ್ಬರೇ ಬರೋದು ಅಂತ ಯೋಚನೆ ಮಾಡಿ. ಬಿಗಿನರ್ಸ್ ಕ್ಲಾಸ್ ಈಗಷ್ಟೇ ಮುಗಿಸಿ ಇನ್ನೂ ಜೋಡಿ ಸಿಗದೇ ಇರೋರು, ಹೊಸ ಊರಿಗೆ ಬಂದೋರು, ಪಾರ್ಟ್ನರ್‌ಗೆ ಹುಷಾರಿಲ್ಲದೋರು, ಪಾರ್ಟ್ನರ್ ತೀರಿಕೊಂಡೋರು. ಅಂದ್ರೆ ಕ್ಲಬ್ಬು ಯಾರಿಗೆ ಜಾಸ್ತಿ ಬೇಕೋ ಅವರೇ. ಒಂದು ಸಂಜೆ ಒಬ್ಬ ಮೇಡಂ ಬಂದಿದ್ರು, ಗಂಡ-ಹೆಂಡತಿ ಇಬ್ರೂ ಅಲ್ಲೇ ವರ್ಷಗಟ್ಟಲೆ ಆಡಿದೋರು, ಗೆದ್ದೋರ ಪಟ್ಟಿ ಬರೆದಿರೋ ಮರದ ಹಲಗೆ ಮೇಲೆ ಇಬ್ರ ಹೆಸ್ರೂ ಇದೆ. ಯಜಮಾನರು ಹೋಗಿ ಸ್ವಲ್ಪ ದಿನ ಆಗಿತ್ತು. ಲ್ಯಾಪ್‌ಟಾಪಲ್ಲಿ ಹೆಸ್ರು ಹಾಕ್ತಿದ್ದೋರು ತಲೆ ಎತ್ತದೇನೇ "ಪಾರ್ಟ್ನರ್ ಇದಾರಾ ಮೇಡಂ" ಅಂದ್ರು, ಇಲ್ಲ ಅಂದಿದ್ದಕ್ಕೆ "ಅಯ್ಯೋ, ಮೊದ್ಲೇ ಒಂದು ಫೋನ್ ಮಾಡ್ಬಿಟ್ಟಿದ್ರೆ ಚೆನ್ನಾಗಿತ್ತು" ಅಂದ್ರು. ಕೆಟ್ಟ ಮನುಷ್ಯ ಅಲ್ಲ ಅವರು, ಏಳು ಗಂಟೆಗೆ ಆಟ ಶುರು ಮಾಡಿಸೋ ತಲೆಬಿಸಿ. ಮೇಡಂ ಗೋಡೆ ಪಕ್ಕದ ಕುರ್ಚೀಲಿ ಕೂತು ಒಂದು ರೌಂಡು ನೋಡಿ ಎದ್ದು ಹೋದ್ರು.

ಇದರ ಹಿಂದೆ ಒಂದು ಲೆಕ್ಕಾಚಾರ ಇದೆ, ಅದನ್ನೂ ಹೇಳ್ಬೇಕು, ಇಲ್ಲಾಂದ್ರೆ ಆಟ ನಡೆಸೋ, ರೂಲ್ ನೋಡ್ಕೊಳ್ಳೋ ಡೈರೆಕ್ಟರ್‌ಗೆ ಅನ್ಯಾಯ ಆಗುತ್ತೆ. ಒಂಬತ್ತು ಜೋಡಿ ಬಂದಿದಾರೆ ಅಂದ್ಕೊಳ್ಳಿ, ನಾಲ್ಕೂವರೆ ಟೇಬಲ್, ಪ್ರತಿ ರೌಂಡಲ್ಲೂ ಒಂದು ಜೋಡಿ ಸುಮ್ನೆ ಕೂರ್ಬೇಕು, ಸಿಟ್‌ಔಟ್ ಅಂತೀವಿ. ಆಗ ಒಬ್ಬರೇ ಬಂದೋರ ಜೊತೆ ಆಡೋಕೆ ಯಾರಾದ್ರೂ ರೆಡಿ ಇದ್ರೆ ಹತ್ತು ಜೋಡಿ, ಐದು ಟೇಬಲ್, ಎಲ್ರಿಗೂ ಖುಷಿ. ಅದೇ ಮೊದ್ಲೇ ಎಂಟೋ ಹತ್ತೋ ಜೋಡಿ ಸರಿಯಾಗಿ ಕೂತಿದ್ರೆ, ಈ ಹೊಸ ಜೋಡಿಯಿಂದಾನೇ ಸಿಟ್‌ಔಟ್ ಹುಟ್ಟುತ್ತೆ. ಅಲ್ಲಿಗೆ ಶುರು ಗೊಣಗಾಟ. "ಹದಿನೈದು ನಿಮಿಷ ಸುಮ್ನೆ ಕೂತಿರೋಕೆ ಬಂದಿದೀವಾ ನಾವು?" ಸ್ವಾಮಿ, ಹದಿನೈದು ನಿಮಿಷ. ರೌಂಡಿಗೆ ಎರಡು ಬೋರ್ಡು (ಮೊದ್ಲೇ ಹಂಚಿಟ್ಟ ಎಲೆಗಳ ಸೆಟ್ಟು, ಅದೇ ಎಲೆಗಳು ಟೇಬಲ್ಲಿಂದ ಟೇಬಲ್ಲಿಗೆ ಹೋಗುತ್ತೆ), ಬೋರ್ಡಿಗೆ ಏಳೂವರೆ ನಿಮಿಷ, ಅಷ್ಟೇ. ಕಾಲು ಚಾಚ್ಕೊಂಡು, ಫೋನ್ ನೋಡ್ಕೊಂಡು, ಹಿಂದಿನ ಬೋರ್ಡಲ್ಲಿ ಪಾರ್ಟ್ನರ್ ಮಾಡಿದ ಅನಾಹುತ ಹೇಳ್ಕೊಂಡು ಕಳೆದುಹೋಗೋ ಹೊತ್ತು.

ಇದಕ್ಕೆ ಪರಿಹಾರ ಹೊಸದೇನಲ್ಲ, ಎಷ್ಟೋ ಕ್ಲಬ್ಬಲ್ಲಿ ನಡೀತಿದೆ. ಸ್ಟ್ಯಾಂಡ್‌ಬೈ ಅಂತ ಒಬ್ರನ್ನ ಇಡೋದು. ಆ ದಿನ ಆಡೋಕೆ ರೆಡಿಯಾಗಿ ಬರ್ತಾರೆ, ಒಬ್ಬರೇ ಯಾರಾದ್ರೂ ಬಂದ್ರೆ ಅವರ ಜೊತೆ ಕೂರ್ತಾರೆ, ಯಾರೂ ಬರ್ಲಿಲ್ಲ ಅಂದ್ರೆ ಡೈರೆಕ್ಟರ್‌ಗೆ ಸ್ವಲ್ಪ ಸಹಾಯ ಮಾಡಿ ಮನೆಗೆ ಹೋಗ್ತಾರೆ. ಕೇಳೋಕೆ ಏನೂ ಅಲ್ಲ. ಮಾಡೋಕೆ ಜನ ಸಿಗಲ್ಲ, ಯಾಕಂದ್ರೆ ಇದಕ್ಕೆ ಹಲಗೆ ಮೇಲೆ ಹೆಸ್ರು ಬರಲ್ಲ.

ಈ ಆಟದ ಸೋಶಿಯಲ್ ಲೈಫ್ ಬಗ್ಗೆ ಮಾತಾಡೋರು ಒಂದು ವಿಷಯ ಗಮನಿಸಿರಲ್ಲ. ಸಾಮಾನ್ಯವಾಗಿ ನಡೆಯೋ ಮಿಚೆಲ್ ಮೂವ್‌ಮೆಂಟಲ್ಲಿ ನಾರ್ತ್-ಸೌತ್ ಜೋಡಿಗಳು ಕೂತಲ್ಲೇ ಕೂತಿರ್ತಾರೆ, ಈಸ್ಟ್-ವೆಸ್ಟ್‌ನೋರು ರೌಂಡ್ ಮುಗೀತಿದ್ದಂಗೆ ಮುಂದಿನ ಟೇಬಲ್ಲಿಗೆ, ಬೋರ್ಡುಗಳು ಅದಕ್ಕೆ ಉಲ್ಟಾ ದಿಕ್ಕಿಗೆ. ಟೇಬಲ್ ಸಾಕಷ್ಟಿದ್ರೆ 24 ಬೋರ್ಡಿನ ಒಂದು ಸಂಜೇಲಿ ಹನ್ನೆರಡು ಜೋಡಿ ಜೊತೆ ಮುಖಾಮುಖಿ ಕೂರ್ತೀರಿ. ಮೂರು ಗಂಟೇಲಿ ಇಪ್ಪತ್ನಾಲ್ಕು ಜನರ ಪಕ್ಕ ಕೂತು ನಮಸ್ಕಾರ ಹೇಳಿ ಎದ್ದು ಬರೋ ಅವಕಾಶ ಬೇರೆ ಯಾವ ಕೂಟದಲ್ಲಿದೆ ಹೇಳಿ? ಮದುವೆ ಮನೇಲೂ ನಾವು ನಮ್ಮೋರ ಗುಂಪಲ್ಲೇ ಇರ್ತೀವಿ. ಆದ್ರೆ ನಾರ್ತ್-ಸೌತ್ ಸೀಟು ಅಂದ್ರೆ ಕೆಲವರಿಗೆ ಪಿತ್ರಾರ್ಜಿತ ಆಸ್ತಿ ಆಗ್ಬಿಟ್ಟಿದೆ. ಮಂಡಿನೋವು ಇರೋರಿಗೆ, ವಾಕರ್ ಹಿಡಿದು ಬರೋರಿಗೆ ಬಿಟ್ಟುಕೊಡೋ ಸೀಟು ಅದು, ಅಲ್ಲಿ ಆರು ಗಂಟೆಗೇ ಬಂದು ಕನ್ನಡಕದ ಡಬ್ಬಿ ಇಟ್ಟು ರಿಸರ್ವ್ ಮಾಡೋ ಗಟ್ಟಿಮುಟ್ಟಾದ ಮನುಷ್ಯರನ್ನ ನೋಡಿದೀನಿ. ಇನ್ನೊಂದು ತಮಾಷೆ ಏನಂದ್ರೆ ಒಂದೇ ದಿಕ್ಕಲ್ಲಿ ಕೂತೋರು ಒಬ್ಬರಿಗೊಬ್ರು ಎದುರಾಗೋದೇ ಇಲ್ಲ, ಆದ್ರೆ ಸ್ಕೋರ್ ಹೋಲಿಸೋದು ಅವರ ಜೊತೆನೇ. ಹಳಬರೆಲ್ಲ ನಾರ್ತ್-ಸೌತ್ ಹಿಡಿದು ಕೂತ್ರೆ ಹಳಬರು ಹಳಬರ ಮುಖ ನೋಡೋದೇ ಇಲ್ಲ, ಇಡೀ ಸಂಜೆ ಹೊಸಬರು ಒಬ್ಬರಾದ ಮೇಲೆ ಒಬ್ಬರು ಬಂದು ಬೈಸ್ಕೊಂಡು ಹೋಗ್ತಾರೆ.

ಬೈಯೋದು ಅಂದೆನಲ್ಲ. ಅದಕ್ಕೂ ಆಟದ ಒಳಗೇನೇ ಒಂದು ಕಾರಣ ಇದೆ. ಮ್ಯಾಚ್‌ಪಾಯಿಂಟ್ ಆಟದಲ್ಲಿ, ಅಂದ್ರೆ ಅದೇ ಎಲೆ ಆಡಿದ ಬೇರೆ ಜೋಡಿಗಳ ಜೊತೆ ಸ್ಕೋರ್ ಹೋಲಿಸೋ ಆಟದಲ್ಲಿ, ಎಷ್ಟು ಅಂತರದಿಂದ ಮುಂದೆ ಬಂದ್ರಿ ಅನ್ನೋದು ಲೆಕ್ಕಕ್ಕಿಲ್ಲ, ಮುಂದೆ ಬಂದ್ರೆ ಸಾಕು. ನಾನ್-ವಲ್ನರಬಲ್ (ಬೋನಸ್ಸು, ದಂಡ ಎರಡೂ ಕಡಿಮೆ ಇರೋ ಬೋರ್ಡು) ಇದ್ದಾಗ ನಾಲ್ಕು ಇಸ್ಪೀಟು (ಇಸ್ಪೀಟನ್ನ ತುರುಫು ಮಾಡಿ ಆರರ ಮೇಲೆ ನಾಲ್ಕು ಟ್ರಿಕ್ ಗೆಲ್ತೀವಿ ಅಂತ ಕರೆದಿದ್ದು) ಕಾಂಟ್ರ್ಯಾಕ್ಟಲ್ಲಿ ಹತ್ತು ಟ್ರಿಕ್ ಮಾಡಿದ್ರೆ 420, ಅದೇ ಎಲೆಗಳಲ್ಲಿ ಪಕ್ಕದ ಟೇಬಲ್ಲಿನೋರು ಮೂರು ನೋ-ಟ್ರಂಪ್ (ತುರುಫು ಇಲ್ದೆ) ಆಡಿ ಹತ್ತು ಟ್ರಿಕ್ ಮಾಡಿದ್ರೆ 430. ಆ ಹತ್ತು ಪಾಯಿಂಟಿಗೆ ಅವರು ಮೇಲೆ ನೀವು ಕೆಳಗೆ. ಹಿಂಗಿರುವಾಗ ಒಂದು ಓವರ್‌ಟ್ರಿಕ್ (ಕರೆದಿದ್ದಕ್ಕಿಂತ ಜಾಸ್ತಿ ಗೆಲ್ಲೋ ಟ್ರಿಕ್) ಕೈತಪ್ಪಿದ್ರೆ "ಆ ಎಕ್ಕ ಯಾಕೆ ಮೊದ್ಲೇ ಬಿಟ್ಟೆ" ಅನ್ನೋ ವಿಚಾರಣೆ ಎಲೆಗಳನ್ನ ಬೋರ್ಡಿಗೆ ವಾಪಸ್ ತುರುಕೋ ಮುಂಚೆನೇ ಶುರುವಾಗುತ್ತೆ. ಜೋಡಿ ಜಗಳ ಎಲ್ಲಿಗೆ ಹೋಗ್ಬಹುದು ಅನ್ನೋದಕ್ಕೆ ಅಮೆರಿಕದ ಕಾನ್ಸಸ್ ಸಿಟಿಯ ಬೆನೆಟ್ ಕೇಸ್ ಇದೆ, 1929ರದ್ದು, ಗಂಡ ನಾಲ್ಕು ಇಸ್ಪೀಟು ಕರೆದು ಡೌನ್ ಆದ, ಅಂದ್ರೆ ಕರೆದಷ್ಟು ಗೆಲ್ಲಲಿಲ್ಲ, ಮಾತಿಗೆ ಮಾತು ಬೆಳೀತು, ಗಂಡ ಕೆನ್ನೆಗೆ ಹೊಡೆದ, ಹೆಂಡತಿ ಮರ್ಟಲ್ ಪಿಸ್ತೂಲ್ ತಂದು ಗುಂಡು ಹಾರಿಸಿದ್ಲು, ಗಂಡ ಸತ್ತ. 1931ರಲ್ಲಿ ಜ್ಯೂರಿ ಆಕೆ ತಪ್ಪಿತಸ್ಥೆ ಅಲ್ಲ ಅಂತ ಬಿಟ್ಟುಕಳಿಸ್ತು. ನಮ್ಮ ಕ್ಲಬ್ಬಲ್ಲಿ ಒಬ್ರು ಈ ಕಥೆ ಹೇಳಿದಾಗೆಲ್ಲ "ಆ ಜ್ಯೂರೀಲಿ ಬ್ರಿಡ್ಜ್ ಆಡೋರು ಇದ್ರು ಅನ್ಸುತ್ತೆ" ಅಂತ ಸೇರಿಸ್ತಾರೆ.

ಹೊಸಬರಿಗೆ ಇದಕ್ಕಿಂತ ಭಯ ಆಗೋದು "ಡೈರೆಕ್ಟರ್!" ಅನ್ನೋ ಕೂಗಿಗೆ. ಹಿಂದೆ ಒಂದು ಟೇಬಲ್ಲಲ್ಲಿ ಒಬ್ಬ ಹುಡುಗ ಆಡ್ತಿದ್ದ, ಕೈಯಲ್ಲಿ ಡೈಮನ್ನು ಆಟೀನು ಎರಡೂ ಕೆಂಪು ಒಟ್ಟಿಗೆ ಸೇರಿಸಿ ಹಿಡ್ಕೊಂಡಿದ್ದ, ಆಟೀನ್ ಇಳಿದಾಗ ತನ್ನ ಹತ್ರ ಇಲ್ಲ ಅಂದ್ಕೊಂಡು ಒಂದು ಕಳಾವರ್ ಎಸೆದ, ಮೂರು ಟ್ರಿಕ್ ಆದ್ಮೇಲೆ ನೋಡಿದ್ರೆ ಡೈಮನ್ ಹಿಂದೆ ಆಟೀನ್ ಏಳು ಅಡಗಿ ಕೂತಿದೆ. ಎದುರಾಳಿ ಕೈ ಮೇಲೆತ್ತಿ ಕೂಗಿದ ರಭಸಕ್ಕೆ ಹಾಲಿನೋರೆಲ್ಲ ತಿರುಗಿ ನೋಡಿದ್ರು. "ಬೇಕಂತ ಮಾಡಿಲ್ಲ ಸಾರ್" ಅಂದ ಹುಡುಗ, ಉಳಿದ ಎಲೆಗಳನ್ನ ಎದೆಗೆ ಅವುಚಿಕೊಂಡು. ಕರೆದಿದ್ದು ತಪ್ಪಲ್ಲ, ತಪ್ಪು ಆಗಿದೆ ಅಂತ ಯಾರಾದ್ರೂ ಹೇಳಿದ ಕೂಡ್ಲೇ ಡೈರೆಕ್ಟರನ್ನ ಕರೀಬೇಕು ಅಂತ ರೂಲೇ ಇದೆ, ಲಾ 9. ಹಿಂಗೆ ಹಾಕ್ಬೇಕಾದ ಎಲೆ ಕೈಯಲ್ಲಿದ್ದೂ ಬೇರೆ ಎಸೆಯೋದಕ್ಕೆ ರಿವೋಕ್ ಅಂತೀವಿ, ಅದಾದ್ರೆ ಸಾಮಾನ್ಯವಾಗಿ ಒಂದೋ ಎರಡೋ ಟ್ರಿಕ್ ಆಚೆ ಕಡೆಗೆ ಹೋಗುತ್ತೆ, ಮುಗೀತು. ಅದನ್ನ "ಒಂದು ನಿಮಿಷ, ಡೈರೆಕ್ಟರ್ ಬಂದು ಸರಿಮಾಡ್ತಾರೆ, ಎಲ್ರಿಗೂ ಆಗುತ್ತೆ" ಅಂತ ಹೇಳಿ ಕರೀಬಹುದಿತ್ತು. ಅದೇ ಪುಸ್ತಕದ ಲಾ 74 ಓದಿ, ಎದುರಿನೋರಿಗೆ ಕಿರಿಕಿರಿ, ಮುಜುಗರ ಆಗೋ ಮಾತಾಗ್ಲಿ ನಡವಳಿಕೆಯಾಗ್ಲಿ ಬೇಡ ಅಂತ ಸ್ಪಷ್ಟವಾಗಿದೆ. ಅಮೆರಿಕದ ಬ್ರಿಡ್ಜ್ ಲೀಗ್ 1998ರಲ್ಲೇ ಝೀರೋ ಟಾಲರೆನ್ಸ್ ಅಂತ ಪಾಲಿಸಿ ತಂತು, ಟೇಬಲ್ಲಲ್ಲಿ ರೇಗಾಡಿದ್ರೆ ಪೆನಾಲ್ಟಿ. ಲಾ 9 ಎಲ್ರಿಗೂ ಬಾಯಿಪಾಠ, ಲಾ 74 ಯಾರಿಗೂ ನೆನಪಿಲ್ಲ.

ಇನ್ನು ಕ್ಲಬ್ಬಿನ ನಿಜವಾದ ಸುದ್ದಿ ಅಂದ್ರೆ ಯಾವ ಜೋಡಿ ಒಡೀತು ಅನ್ನೋದು, ಅದು ನ್ಯೂಸ್‌ಲೆಟರಲ್ಲಿ ಬರಲ್ಲ, ಪಾರ್ಕಿಂಗ್ ಹತ್ರ ಸಿಗುತ್ತೆ. "ಅವರಿಬ್ರೂ ಬಿಟ್ರಂತೆ." "ಹೌದಾ! ಯಾಕೆ?" ಕಾರಣ ಏನೂ ಇರಲ್ಲ, ಒಬ್ರಿಗೆ ಹೊಸ ಕನ್ವೆನ್ಶನ್ (ಕರೆಯೋದ್ರಲ್ಲಿ ಜೋಡಿ ಮೊದ್ಲೇ ಮಾಡ್ಕೊಳ್ಳೋ ಒಪ್ಪಂದ) ಎಲ್ಲಾ ಸೇರಿಸ್ಬೇಕು, ಇನ್ನೊಬ್ರಿಗೆ ಸ್ಟೇಮನ್, ಬ್ಲ್ಯಾಕ್‌ವುಡ್ ಇಷ್ಟೇ ಸಾಕು, ಜಾಸ್ತಿ ಅಂದ್ರೆ ಮರೆತುಹೋಗುತ್ತೆ. ಬಿಟ್ಟ ಮೇಲೆ ಮುಂದಿನ ವಾರ ಇಬ್ರೂ ಬೇರೆ ಬೇರೆ ಜೋಡೀಲಿ ಎದುರುಬದುರು ಬಂದಾಗ ಟೇಬಲ್ಲಲ್ಲಿ ಆ ಅತಿ ವಿನಯ ನೋಡ್ಬೇಕು, ಸೂಪರ್. ನನಗೆ ಈ ಗಾಸಿಪ್ ಇಷ್ಟ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಜೋಡಿ ಒಡೆದಾಗ ಅದರಲ್ಲಿ ಒಬ್ರಿಗೆ ಬೇಗ ಹೊಸ ಪಾರ್ಟ್ನರ್ ಸಿಗ್ತಾರೆ, ಇನ್ನೊಬ್ರು, ಸಾಮಾನ್ಯವಾಗಿ ಆಟ ಸ್ವಲ್ಪ ಕಡಿಮೆ ಇರೋರು, ಬರೋದನ್ನೇ ನಿಲ್ಲಿಸ್ತಾರೆ. ಆ ಎರಡನೆಯವರ ಸುದ್ದಿ ಪಾರ್ಕಿಂಗಲ್ಲೂ ಸಿಗಲ್ಲ.

ಎಲ್ಲಿ ಹೋಗ್ತಾರೆ ಅವರು? ಬಿಬಿಒಗೆ. ಬ್ರಿಡ್ಜ್ ಬೇಸ್ ಆನ್‌ಲೈನ್ 2001ರಿಂದ ಇದೆ, 2020ರಲ್ಲಿ ಕ್ಲಬ್ಬುಗಳ ಬಾಗಿಲು ಮುಚ್ಚಿದಾಗ ನಾವೆಲ್ಲ ಅಲ್ಲಿಗೇ ಓಡಿದ್ವಿ, ತೆರೆದಾಗ ಒಂದಷ್ಟು ಜನ ವಾಪಸ್ ಬರ್ಲೇ ಇಲ್ಲ. ಬೇರೆ ಏನೇನೋ ಕಾರಣ ಹೇಳ್ತಾರೆ, ರಾತ್ರಿ ಡ್ರೈವಿಂಗ್ ಕಷ್ಟ, ಮೆಟ್ಟಿಲು ಕಷ್ಟ, ಅದೆಲ್ಲ ನಿಜಾನೇ. ಆದ್ರೆ ಅಲ್ಲಿ ರೋಬೋಟ್ ಇದೆ ನೋಡಿ. ರೋಬೋಟ್ ಪಾರ್ಟ್ನರ್ ಯಾವ ಹೊತ್ತಲ್ಲಾದ್ರೂ ಸಿಗುತ್ತೆ, ನೀವು ರಾಣಿ ಬಿಡೋ ಕಡೆ ಗುಲಾಮ ಬಿಟ್ರೆ ನಿಟ್ಟುಸಿರು ಬಿಡಲ್ಲ, ರಿವೋಕ್ ಮಾಡೋಕೆ ಸಾಫ್ಟ್‌ವೇರೇ ಬಿಡಲ್ಲ, ಯಾರೂ ಡೈರೆಕ್ಟರ್ ಅಂತ ಕಿರುಚಲ್ಲ. ಕಮಿಟಿಯೋರು ಪಕ್ಕದ ಕ್ಲಬ್ಬು ನಮ್ಮ ಮೆಂಬರ್‌ಗಳನ್ನ ಎಳ್ಕೊಂಡ್ರು ಅಂತ ದೂರ್ತಾರೆ, ನಮ್ಮ ಜನರನ್ನ ಎಳ್ಕೊಂಡಿರೋದು ಈ ರೋಬೋಟು. ಅದರ ಜೊತೆ ಸ್ಪರ್ಧೆ ಮಾಡೋಕೆ ನಮ್ಮ ಹತ್ರ ಇರೋದು ಒಂದೇ, ಮನುಷ್ಯರು. ಆ ಮನುಷ್ಯರೇ ಮುಖ ಸಿಂಡರಿಸಿಕೊಂಡು ಕೂತ್ರೆ ಯಾರು ಯಾಕೆ ಬರ್ತಾರೆ?

ವಯಸ್ಸಾಯ್ತು, ಯುವಕರು ಬರಲ್ಲ, ಆಟ ಕಷ್ಟ ಅಂತ ಹೇಳೋರಿಗೂ ಒಂದು ಮಾತು. 2018ರ ಜಕಾರ್ತ ಏಷ್ಯನ್ ಗೇಮ್ಸಲ್ಲಿ ಭಾರತಕ್ಕೆ ಬ್ರಿಡ್ಜಲ್ಲಿ ಚಿನ್ನ ತಂದಾಗ ಪ್ರಣಬ್ ಬರ್ಧನ್‌ಗೆ 60 ವರ್ಷ, ಶಿವನಾಥ್ ಸರ್ಕಾರ್‌ಗೆ 56. ಪೇಪರ್‌ನೋರು, ಟೀವಿಯೋರು ಎಲ್ರೂ ಬರೆದ್ರು, ಆಗ ನಲವತ್ತೈದು ಐವತ್ತರ ಎಷ್ಟೋ ಜನ "ನಾವೂ ಕಲೀಬಹುದಾ" ಅಂತ ಕೇಳಿದ್ರು. ಕಲಿಸಿದ್ವಿ ಕೂಡ, ಕ್ಲಾಸ್ ತುಂಬಿತ್ತು. ಪಾಯಿಂಟ್ ಎಣಿಸೋದು ಬಂತು, ಎಕ್ಕಕ್ಕೆ ನಾಲ್ಕು ರಾಜಂಗೆ ಮೂರು ರಾಣಿಗೆ ಎರಡು ಗುಲಾಮಂಗೆ ಒಂದು, ಬಿಡ್ಡಿಂಗ್ ಬಾಕ್ಸ್ ಹಿಡಿಯೋದು ಬಂತು, ಫಿನೆಸ್ ಅನ್ನೋ ಚಾಲಾಕಿ ಬಂತು. ಕ್ಲಾಸಿಂದ ಮೇನ್ ಹಾಲಿಗೆ ಹತ್ತು ಹೆಜ್ಜೆ, ಆ ಹತ್ತು ಹೆಜ್ಜೇಲಿ ಅರ್ಧಕ್ಕರ್ಧ ಜನ ಮಾಯ. ಮೊದಲನೇ ಸಂಜೆ 35 ಪರ್ಸೆಂಟ್ ಬಂದು ಪಟ್ಟಿಯ ಕೊನೇಲಿ ಹೆಸ್ರು ಅಂಟಿಸಿದ್ರೆ ಏನಾಗುತ್ತೆ? ಎಲ್ರ ಸರಾಸರಿ ತೆಗೆದ್ರೆ ಅದು ಯಾವತ್ತೂ 50ಕ್ಕೇ ನಿಲ್ಲುತ್ತೆ, ನಾನು 60 ಹೊಡೆದಿದೀನಿ ಅಂದ್ರೆ ಆ ಹತ್ತು ಇನ್ಯಾರದೋ ಕೈಯಿಂದ ಬಂದಿದ್ದು. ಅವರು ಬರದೇ ಇದ್ರೆ ನಮ್ಮ 60 ಎಲ್ಲಿಂದ ಬರುತ್ತೆ ಅಂತ ಗೆದ್ದೋರು ಒಂದ್ಸಲ ಯೋಚನೆ ಮಾಡ್ಬೇಕು.

ಸ್ಟ್ಯಾಂಡ್‌ಬೈ ಪಟ್ಟಿ ಮಾಡೋಣ, ಚೆನ್ನಾಗಿ ಆಡೋರೇ ಸರದಿ ಮೇಲೆ ಹೆಸ್ರು ಕೊಡಿ ಅಂತ ಕಮಿಟೀಲಿ ಎತ್ತಿದೆ. ಒಬ್ರು ಸೀನಿಯರ್ ಹೇಳಿದ್ದು, "ಅದೆಲ್ಲ ಸರಿ, ಆದ್ರೆ ಹೊಸಬರ ಜೊತೆ ಆಡಿದ್ರೆ ನಮ್ಮ ರಿಸಲ್ಟ್ ಹಾಳಾಗುತ್ತಲ್ಲ?" ಆಗುತ್ತೆ ಸಾರ್. 58 ಬರೋ ಕಡೆ 44 ಬರುತ್ತೆ. ಮಾಸ್ಟರ್ ಪಾಯಿಂಟ್ (ಚೆನ್ನಾಗಿ ಆಡಿದಾಗ ಹೆಸರಿಗೆ ಜಮಾ ಆಗೋ ಅಂಕ) ಅಂತೂ ಒಮ್ಮೆ ಬಂದಿದ್ದು ಸೋತ್ರೆ ಕಡಿಮೆ ಆಗಲ್ಲ, ಒಂದು ಸಂಜೆ ಸಿಗಲ್ಲ ಅಷ್ಟೇ. ಅದಕ್ಕೆ ಬದಲಾಗಿ ನಿಮ್ಮ ಎದುರಿಗೆ ಕೂತೋರು, ಡಮ್ಮಿ ಆಗಿ (ಎಲೆಗಳನ್ನ ಟೇಬಲ್ ಮೇಲೆ ಬಿಚ್ಚಿಟ್ಟು ಕೂತು) ನಿಮ್ಮ ಆಟ ನೋಡಿ, ಓ ಹಂಗೆ ಎಲೆ ಎಣಿಸೋದಾ ಅಂತ ಹತ್ತು ಕ್ಲಾಸಲ್ಲಿ ಕಲಿಯದೇ ಇದ್ದಿದ್ದನ್ನ ಮೂರು ಗಂಟೇಲಿ ಕಲೀತಾರೆ. ಒಂದೇ ಕಂಡೀಶನ್, ಟೇಬಲ್ಲಲ್ಲಿ ಪಾಠ ಮಾಡ್ಬೇಡಿ, ಅವರಾಗಿ ಕೇಳಿದ್ರೆ ಎಲ್ಲ ಮುಗಿದ ಮೇಲೆ ಹೇಳಿ.

ತುಂಬಾ ಎಳೆದಾಡಿದ ಮೇಲೆ ಒಪ್ಪಿದಾರೆ, ಎರಡು ತಿಂಗಳು ನೋಡೋಣ ಅಂತ. ಸಿಟ್‌ಔಟ್ ಬಂದ್ರೆ ಯಾರೂ ಗೊಣಗೋ ಹಾಗಿಲ್ಲ ಅಂತಾನೂ ಬರೆಸಿದೀವಿ, ಗೊಣಗ್ತಾರೆ ಅದು ಬೇರೆ ಮಾತು. ಹಾಳೆ ನೋಟಿಸ್ ಬೋರ್ಡಲ್ಲಿ ಪರ್ಸೆಂಟೇಜ್ ಪಟ್ಟಿ ಪಕ್ಕದಲ್ಲೇ ಇದೆ, ದಾರದಲ್ಲಿ ಪೆನ್ನು ಕಟ್ಟಿದೆ. ಬುಧವಾರಗಳಿಗೆ ನನ್ನ ಹೆಸ್ರು ಬರ್ದಿದೀನಿ. ಶುಕ್ರವಾರ ಇನ್ನೂ ಖಾಲಿ ಇದೆ, ಆವತ್ತು ಸಾಮಾನ್ಯವಾಗಿ 60 ಹೊಡೆಯೋರು ಯಾರು ಅಂತ ನಮಗೆಲ್ಲ ಗೊತ್ತು, ಅವರೂ ಈ ಪೋಸ್ಟ್ ಓದ್ತಾರೆ ಅಂತ ಗೊತ್ತು.