ಕುಂದನ್ನೂ ಬರೆದು ಮಾರುವವರು

ಟೋಕಿಯೋದ ಶಿಂಜುಕು, ನಕಾನೊ ಕಡೆ ಹಳೇ ಕ್ಯಾಮೆರಾ ಅಂಗಡಿಗಳು ಜಾಸ್ತಿ. ಅಲ್ಲಿ ನನಗೆ ಕ್ಯಾಮೆರಾಗಳಿಗಿಂತ ಹಿಡಿಸಿದ್ದು ಅವುಗಳ ಜೊತೆಗಿಟ್ಟ ಚೀಟಿ. ‘ಲೆನ್ಸಿನೊಳಗೆ ಸ್ವಲ್ಪ ಬೂಷ್ಟಿದೆ’, ‘ಲೈಟ್ ಮೀಟರ್ ಕೆಟ್ಟಿದೆ’ ಅಂತ ನಾವು ಕೇಳುವ ಮೊದಲೇ ಬರೆದಿರುತ್ತಾರೆ. ಪೂರ್ತಿ ಕೆಟ್ಟದ್ದಕ್ಕೆ ‘ಜಂಕ್’ ಅಂತ ಹೆಸರು, ಬೇರೆ ಬುಟ್ಟಿ. ರಿಪೇರಿ ಹುಚ್ಚಿನವರು ಅದನ್ನೂ ಬಿಡುವುದಿಲ್ಲ.

ನಾನು ಕೊಂಡದ್ದು ‘ಒಲಿಂಪಸ್ ಪೆನ್’ ಎಂಬ ಪುಟ್ಟ ಕ್ಯಾಮೆರಾ. ಈ ಮಾದರಿ 1959ರಲ್ಲಿ ಬಂತು. ಆರು ಸಾವಿರ ಯೆನ್ನಿಗೆ ಮಾರುವಂಥ ಕ್ಯಾಮೆರಾ ಮಾಡಬೇಕು ಅಂತ ಮೈತಾನಿ ಯೋಶಿಹಿಸಾ ಎಂಬ ಎಂಜಿನಿಯರ್ ಹಟ ಹಿಡಿದು ಮಾಡಿದ್ದು. ಒಂದು ಫ್ರೇಮಿನ ಜಾಗದಲ್ಲಿ ಎರಡು ಚಿತ್ರ ಹಿಡಿಸುತ್ತದೆ. 36ರ ರೀಲಿನಲ್ಲಿ 72 ಚಿತ್ರ! ಮಾಮೂಲಿನಂತೆ ಅಡ್ಡ ಹಿಡಿದರೂ ಚಿತ್ರ ಉದ್ದುದ್ದ ಬರುತ್ತದೆ, ಈಗಿನ ಮೊಬೈಲಿನ ಹಾಗೆ. ನನ್ನದರ ತಳದಲ್ಲಿ ಹಿಂದಿನ ಯಜಮಾನ ಹೆಸರು ಕೊರೆದಿದ್ದಾನೆ. ಚೀಟಿಯಲ್ಲಿ ಅದೂ ಇತ್ತು, ಅದಕ್ಕೇ ಬೆಲೆ ಕಮ್ಮಿ.

ನಮ್ಮೂರಲ್ಲಾದರೆ? ‘ಡಾಕ್ಟರ್ ಇಟ್ಕೊಂಡಿದ್ದ ಗಾಡಿ ಸಾರ್, ಸಿಂಗಲ್ ಓನರ್!’ ಊರಲ್ಲಿ ಅಷ್ಟು ಡಾಕ್ಟರುಗಳಿದ್ದಾರಾ ಅಂತ ಅನುಮಾನ ಬರಬೇಕು. ಕೊಳ್ಳುವವರು ನಂಬುವುದಿಲ್ಲ, ಹಾಗಾಗಿ ಒಳ್ಳೆಯ ಹಳೇ ಸಾಮಾನಿಗೂ ಬೆಲೆ ಹುಟ್ಟುವುದಿಲ್ಲ. ಕೊನೆಗೆ ಅದು ಅಟ್ಟ ಸೇರುತ್ತದೆ, ಇಲ್ಲವೇ ಗುಜರಿಗೆ ಹೋಗುತ್ತದೆ.

ಹಾಗಂತ ನಮಗೆ ಸಾಮಾನಿನ ಮೇಲೆ ಗೌರವ ಇಲ್ಲವೆಂದಲ್ಲ. ಆಯುಧಪೂಜೆಗೆ ಕ್ಯಾಮೆರಾಕ್ಕೂ ಕುಂಕುಮ ಇಡುವವರು ನಾವು. ಆದರೆ ನಮ್ಮ ಪೂಜೆ ದುಡಿಯುವ ಸಾಮಾನಿಗೆ. ಇಲ್ಲಿ ಜಪಾನಿನಲ್ಲಿ ದುಡಿದು ಮುರಿದದ್ದಕ್ಕೂ ಒಂದು ದಿನವಿದೆ. ಫೆಬ್ರವರಿ 8ರಂದು ಅಸಾಕುಸಾದ ಸೆನ್ಸೋಜಿ ದೇವಾಲಯದಲ್ಲಿ ‘ಹರಿಕುಯೋ’ ನಡೆಯುತ್ತದೆ. ಮುರಿದ ಸೂಜಿಗಳನ್ನು ತಂದು ದೊಡ್ಡ ತೋಫು (ಸೋಯಾ ಪನೀರ್) ತುಂಡಿಗೆ ಚುಚ್ಚಿ ಕೈಮುಗಿಯುತ್ತಾರೆ. ಗಟ್ಟಿ ಬಟ್ಟೆ ಹೊಲಿದು ದಣಿದ ಸೂಜಿಗೆ ಕೊನೆಗಾದರೂ ಮೆತ್ತನೆಯ ಜಾಗ ಸಿಗಲಿ ಅಂತ.

ಇಷ್ಟೆಲ್ಲ ಹೊಗಳಿದರೂ ಇಲ್ಲಿನ ಸಂಗ್ರಹದ ಹುಚ್ಚಿನ ಇನ್ನೊಂದು ಮುಖ ನನಗೆ ಒಗ್ಗುವುದಿಲ್ಲ. ಸಂಗ್ರಹಕಾರರ ಅಂಗಡಿಗಳೇ ತುಂಬಿದ ನಕಾನೊ ಬ್ರಾಡ್‌ವೇ ಮಳಿಗೆಗೆ ಹೋಗಿ ನೋಡಿ. ಡಬ್ಬಿ ಒಡೆಯದ ಆಟಿಕೆಗೇ ಬೆಲೆ ಜಾಸ್ತಿ. ಮಗುವಿನ ಕೈಗೇ ಸಿಗದ ಆಟಿಕೆ ಯಾವ ಸೀಮೆ ಆಟಿಕೆ? ಕ್ಯಾಮೆರಾದವರಲ್ಲೂ ಇಂಥವರಿದ್ದಾರೆ. ತೇವ ತಗುಲದ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಆಗಾಗ ತೆಗೆದು ಸುಮ್ನೆ ಶಟರ್ ಕ್ಲಿಕ್ಕಿಸಿ, ಒರೆಸಿ ಒಳಗಿಡುತ್ತಾರೆ. ಈ ವಿಷಯದಲ್ಲಿ ಮಾತ್ರ ನನ್ನ ಓಟು ಆಯುಧಪೂಜೆಗೆ. ಕ್ಯಾಮೆರಾ ಅಂದಮೇಲೆ ರೀಲು ಹಾಕಬೇಕು, ಬೀದಿಗೆ ಒಯ್ಯಬೇಕು. ಫಿಲ್ಮ್ ದುಬಾರಿ ಅಂತೀರಾ? ಪೆನ್ ತಗೊಳ್ಳಿ, ಅರ್ಧ ಖರ್ಚು ಉಳಿಯುತ್ತದೆ.