ಸ್ಪಷ್ಟನೆ: ವೋಲ್ಟೇಜ್ ಇಳಿದರೆ ಗೀಸರ್ ಜಾಸ್ತಿ ಕರೆಂಟ್ ಎಳೆಯುವುದಿಲ್ಲ

ಸಕಲೇಶಪುರದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: 'ವೋಲ್ಟೇಜ್ ಇಳಿದಾಗ ಗೀಸರ್ ಹಾಕಬೇಡಿ, ಜಾಸ್ತಿ ಆಂಪಿಯರ್ ಎಳೆದು ಬಿಲ್ ಏರುತ್ತದೆ.' ಇದು ತಪ್ಪು. ನಾನೂ ಸುಮ್ನೆ ಮುಂದಕ್ಕೆ ಕಳಿಸಿದ್ದೆ.

ಗೀಸರಿನ ಕಾಯಿಲ್‌ನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಹೆಚ್ಚುಕಮ್ಮಿ ಬದಲಾಗುವುದಿಲ್ಲ. 230 ವೋಲ್ಟಿಗೆ 2000 ವ್ಯಾಟ್ ಅಂದರೆ ಸುಮಾರು 8.7 ಆಂಪಿಯರ್. 230ನ್ನು 8.7ರಿಂದ ಭಾಗಿಸಿ, 26.4 ಓಮ್ ಬರುತ್ತದೆ, ಅದೇ ರೆಸಿಸ್ಟೆನ್ಸ್. ವೋಲ್ಟೇಜ್ 180ಕ್ಕೆ ಇಳಿದರೆ? 180ನ್ನು 26.4ರಿಂದ ಭಾಗಿಸಿದರೆ 6.8 ಆಂಪಿಯರ್. 180ನ್ನು 6.8ರಿಂದ ಗುಣಿಸಿದರೆ ಸುಮಾರು 1225 ವ್ಯಾಟ್. ಕಮ್ಮಿಯೇ ಆಯಿತಲ್ವಾ? ನೀರು ಕಾಯಲು ಜಾಸ್ತಿ ಹೊತ್ತು ಬೇಕು, ಅಷ್ಟೇ.

ಬರೆದವರ ತಲೆಯಲ್ಲಿ ತೋಟದ ಪಂಪ್‌ಸೆಟ್ ಇತ್ತೇನೋ. ಮೋಟರ್ ಕತೆಯೇ ಬೇರೆ. ಲೋಡ್ ಅಷ್ಟೇ ಇದ್ದು ವೋಲ್ಟೇಜ್ ಇಳಿದರೆ ಅದು ನಿಜಕ್ಕೂ ಜಾಸ್ತಿ ಆಂಪಿಯರ್ ಎಳೆಯುತ್ತದೆ, ವೈಂಡಿಂಗ್ (ಒಳಗಿನ ತಂತಿಯ ಸುರುಳಿ) ಸುಡುವುದೂ ಹೀಗೆಯೇ. ಗೀಸರಿನ ಆ ಮೆಸೇಜನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.